ಹುಲ್ಲು ಕತ್ತರಿಸುವ ವಿದ್ಯುತ್ ಯಂತ್ರ ಮತ್ತು ಅದರ ಕೈಪಿಡಿ: ಒಂದು ವಿಮರ್ಶೆ

ಪುಸ್ತಕಗಳಿಗೆ ವಿಮರ್ಶೆ ಬರೆಯುವ ರೂಢಿ ನಮ್ಮಲ್ಲಿದೆ. ಯಂತ್ರಗಳೊಡನೆ ಪೆಟ್ಟಿಗೆಯಲ್ಲಿ ಬರುವ ಕೈಪಿಡಿಗಳಿಗೆ ಆ ಭಾಗ್ಯ ಒದಗಿಲ್ಲ. ಕೆಟ್ಟ ಕಾದಂಬರಿಯನ್ನು ಓದಿ ಬೆರಳು ಕಳೆದುಕೊಂಡವರಿಲ್ಲ. ಕೆಟ್ಟ ಕೈಪಿಡಿಯ ವಿಷಯದಲ್ಲಿ ಹಾಗೆ ಹೇಳುವಂತಿಲ್ಲ. ಆದ್ದರಿಂದ ಈ ಸಲ ವಿಮರ್ಶೆಗೆ ಎತ್ತಿಕೊಂಡಿರುವುದು ವಿದ್ಯುತ್ತಿನಿಂದ ನಡೆಯುವ ಹುಲ್ಲು ಕತ್ತರಿಸುವ ಯಂತ್ರದ, ಅಂದರೆ ಎಲ್ಲರೂ 'ಲಾನ್ ಮೂವರ್' ಎಂದು ಕರೆಯುವ ಸಾಧನದ ಕೈಪಿಡಿಯನ್ನು. ಬೇರೆ ಬೇರೆ ತಯಾರಕರ ನಾಲ್ಕು ಕೈಪಿಡಿಗಳನ್ನು ಪಕ್ಕಪಕ್ಕದಲ್ಲಿಟ್ಟುಕೊಂಡು ಓದಿದೆ. ತಯಾರಕರ ಹೆಸರು ಹೇಳುವ ಅಗತ್ಯವಿಲ್ಲ. ಒಂದರ ಮುಖಪುಟವನ್ನು ಇನ್ನೊಂದಕ್ಕೆ ಅಂಟಿಸಿದರೂ ಯಾರಿಗೂ ತಿಳಿಯದಷ್ಟು ಅವು ಒಂದೇ ಬಗೆಯವು.

ಕೈಪಿಡಿಯನ್ನು ಎಲ್ಲಿ ಕುಳಿತು ಓದುತ್ತೇವೆ ಎಂಬುದೂ ಮುಖ್ಯ. ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಗಬ್ಬೂರನ್ನೇ ತೆಗೆದುಕೊಳ್ಳಿ. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಎರೆಭೂಮಿಯ ನಾಡು ಇದು. ಹತ್ತಿ, ತೊಗರಿ, ಕಾಲುವೆಯ ನೀರು ತಲುಪಿದ ಕಡೆ ಭತ್ತ. ಶಾಸನಗಳ ಕಾಲದಲ್ಲಿ ಗೋಪುರಗ್ರಾಮ ಎನಿಸಿಕೊಂಡು ವಿದ್ಯಾಕೇಂದ್ರವೂ ಆಗಿದ್ದ ಊರು. ಮಲೆ ಶಂಕರ ಗುಡಿ ಮೊದಲಾದ ಹಳೆಯ ದೇವಾಲಯಗಳು ಇಂದಿಗೂ ಇವೆ. ಇಂಥ ಊರಿನಲ್ಲಿ ಹುಲ್ಲುಹಾಸು ಎಂಬುದು ಮನೆಯ ಮುಂದಿನ ಅಲಂಕಾರವಲ್ಲ. ಶಾಲೆಯ ಅಂಗಳ, ಆಸ್ಪತ್ರೆಯ ಆವರಣ, ಕಚೇರಿಯ ಮುಂದಿನ ನಾಲ್ಕು ಮಡಿ, ಗುಡಿಯ ಸುತ್ತಲಿನ ಬಯಲು, ಇವೇ ಹುಲ್ಲು ಕತ್ತರಿಸಬೇಕಾಗುವ ಜಾಗಗಳು. ಎರಡು ಮಳೆ ಬಿದ್ದರೆ ಸಾಕು, ಕರಿಕೆ, ಜೇಕು, ಪಾರ್ಥೇನಿಯಂ ಎಲ್ಲವೂ ಒಟ್ಟಿಗೆ ಏಳುತ್ತವೆ. ಯಂತ್ರಕ್ಕೆ ಹಣ ಮಂಜೂರು ಮಾಡುವವರು ಒಬ್ಬರು, ಅದನ್ನು ನಡೆಸುವವರು ಇನ್ನೊಬ್ಬರು. ಕೈಪಿಡಿ ಹೋಗಿ ಬೀರು ಸೇರುತ್ತದೆ. ಅದಕ್ಕೂ ದಿನಗೂಲಿಯ ಮೇಲೆ ಯಂತ್ರ ತಳ್ಳುವವರಿಗೂ ಮುಖಾಮುಖಿಯೇ ಆಗುವುದಿಲ್ಲ. ಆದರೂ ಪ್ರಯೋಜನ ಅಷ್ಟರಲ್ಲೇ ಇದೆ, ಏಕೆಂದರೆ ನಾನು ನೋಡಿದ ನಾಲ್ಕರಲ್ಲಿ ಒಂದೂ ಕನ್ನಡದಲ್ಲಿಲ್ಲ.

ಭಾಷೆಯ ದೋಷವನ್ನು ಅನುವಾದ ಮಾಡಿಸಿ ಸರಿಪಡಿಸಬಹುದು. ಅನುವಾದದಿಂದ ಸರಿಹೋಗದ ದೋಷ ಬೇರೆ ಇದೆ. ಕೈಪಿಡಿಯ ಮೊದಲ ಹತ್ತು ಪುಟ ನಿಷೇಧಗಳ ಸಾಲು: ಇದನ್ನು ಮಾಡಬೇಡಿ, ಅದನ್ನು ಮುಟ್ಟಬೇಡಿ. ಅಲಗಿನ ಬಳಿ ಕೈ ಹಾಕಬೇಡಿ ಎಂಬ ಮಾತಿಗೂ ಬಳಸಿದ ಪೆಟ್ಟಿಗೆಯನ್ನು ಎಲ್ಲೆಂದರಲ್ಲಿ ಎಸೆಯಬೇಡಿ ಎಂಬ ಮಾತಿಗೂ ಒಂದೇ ಗಾತ್ರದ ಅಕ್ಷರ. ಕಾರಣ ಎಂಬುದು ಎಲ್ಲಿಯೂ ಇಲ್ಲ. ಇವು ಬಳಸುವವನನ್ನು ಕಾಪಾಡಲು ಬರೆದ ಪುಟಗಳೋ ತಯಾರಕನನ್ನು ನ್ಯಾಯಾಲಯದಿಂದ ಕಾಪಾಡಲು ಬರೆದವೋ ಎಂಬ ಅನುಮಾನ ಓದುಗನಿಗೆ ಸಹಜವಾಗಿಯೇ ಬರುತ್ತದೆ. ಕಾರಣ ತಿಳಿಯದ ನಿಷೇಧವನ್ನು ಮನುಷ್ಯ ಎರಡು ದಿನ ಪಾಲಿಸಿ ಮೂರನೆಯ ದಿನ ಬಿಡುತ್ತಾನೆ. ಆ ಕಾರಣಗಳೇನೂ ಗಹನವಾದುವಲ್ಲ; ನೀವು ಹತ್ತನೆಯ ತರಗತಿಯಿಂದ ಪಿಯುಸಿವರೆಗೆ ಕಲಿಸುವ ಇಲ್ಲವೇ ಕಲಿಯುವ ಭೌತವಿಜ್ಞಾನವೇ ಅವು.

ಅಲಗಿಗೆ ಅಷ್ಟು ವೇಗ ಏಕೆ?

ಕುಡಗೋಲಿನಿಂದ ಹುಲ್ಲು ಕೊಯ್ಯುವವರನ್ನು ಗಮನಿಸಿ. ಎಡಗೈ ಹುಲ್ಲಿನ ಹಿಡಿಯನ್ನು ಬಿಗಿಯಾಗಿ ಹಿಡಿದಿರುತ್ತದೆ, ಬಲಗೈಯ ಕುಡಗೋಲು ನಿಧಾನವಾಗಿ ಎಳೆದರೂ ಹುಲ್ಲು ಕತ್ತರಿಸುತ್ತದೆ. ಕತ್ತರಿಯಲ್ಲಿ ಎಡಗೈಯ ಕೆಲಸವನ್ನು ಎರಡನೆಯ ಅಲಗು ಮಾಡುತ್ತದೆ. ಇಂಗ್ಲೆಂಡಿನ ಸ್ಟ್ರೌಡ್ ಪ್ರದೇಶದ ಎಡ್ವಿನ್ ಬಡ್ಡಿಂಗ್ 1830ರಲ್ಲಿ ಪೇಟೆಂಟ್ ಪಡೆದ ಮೊದಲ ಹುಲ್ಲು ಕತ್ತರಿಸುವ ಯಂತ್ರ ಇದೇ ತತ್ತ್ವದ್ದು. ಉಣ್ಣೆಯ ಬಟ್ಟೆಯ ಮೇಲೆದ್ದ ನವಿರನ್ನು ಸಮನಾಗಿ ಕತ್ತರಿಸುವ ಗಿರಣಿಯ ಯಂತ್ರವನ್ನು ನೋಡಿ ಆತ ಅದನ್ನು ರೂಪಿಸಿದ. ಸುರುಳಿಯಾಕಾರದ ಅಲಗುಗಳು ಉರುಳುತ್ತ ಹುಲ್ಲನ್ನು ಕೆಳಗಿನ ಸ್ಥಿರ ಅಲಗಿಗೆ ಒತ್ತಿ ಕತ್ತರಿಸುತ್ತವೆ. ಕೈಯಿಂದ ತಳ್ಳಿದರೂ ಸಾಕು.

ಇಂದಿನ ವಿದ್ಯುತ್ ಯಂತ್ರಗಳಲ್ಲಿ ಬಹುಪಾಲು ಹೀಗಿಲ್ಲ. ಅವುಗಳ ತಟ್ಟೆಯ ಕೆಳಗೆ ಒಂದೇ ಒಂದು ಅಲಗು ನೆಲಕ್ಕೆ ಸಮಾಂತರವಾಗಿ ಫ್ಯಾನಿನಂತೆ ತಿರುಗುತ್ತದೆ. ಹುಲ್ಲನ್ನು ಹಿಡಿದುಕೊಳ್ಳಲು ಎಡಗೈಯೂ ಇಲ್ಲ, ಎರಡನೆಯ ಅಲಗೂ ಇಲ್ಲ. ಹಿಡಿದುಕೊಳ್ಳುವ ಕೆಲಸವನ್ನು ಹುಲ್ಲಿನ ಎಸಳಿನ ಜಡತ್ವವೇ ಮಾಡಬೇಕು. ಎಸಳು ಬಾಗಿ ಪಕ್ಕಕ್ಕೆ ಸರಿಯುವುದರೊಳಗೆ ಅಲಗು ಅದನ್ನು ದಾಟಿಬಿಡಬೇಕು. ವೇಗ ಬೇಕಾಗಿರುವುದು ಇದಕ್ಕೆ. ಈ ಒಂದು ವಾಕ್ಯ ಕೈಪಿಡಿಯಲ್ಲಿದ್ದಿದ್ದರೆ ಉಳಿದ ಹತ್ತು ವಾಕ್ಯಗಳು ತಾವಾಗಿಯೇ ಅರ್ಥವಾಗುತ್ತಿದ್ದವು. ಅಲಗು ಮೊಂಡಾದರೆ ಹುಲ್ಲು ಕತ್ತರಿಸದೆ ಹರಿಯುವುದು, ಹರಿದ ತುದಿಗಳು ಮರುದಿನ ಕಂದುಬಣ್ಣಕ್ಕೆ ತಿರುಗುವುದು, ವೋಲ್ಟೇಜ್ ಇಳಿದಾಗ ಯಂತ್ರ ಹುಲ್ಲನ್ನು ಮಲಗಿಸಿ ಮುಂದೆ ಹೋಗುವುದು, ಎಲ್ಲಕ್ಕೂ ಕಾರಣ ಇದೇ. ಕೆಲಸ ಚೆನ್ನಾಗಿ ಆಗುವುದೂ ಅಪಾಯ ಹುಟ್ಟುವುದೂ ಒಂದೇ ಮೂಲದಿಂದ. ಕೈಪಿಡಿ ಮಾತ್ರ ಅವೆರಡನ್ನು ಬೇರೆ ಬೇರೆ ಅಧ್ಯಾಯಗಳಿಗೆ ಹಂಚಿ ಕೂರಿಸಿದೆ.

ವೇಗದ ಅಂದಾಜು ಮಾಡೋಣ. ಅಲಗಿನ ಉದ್ದ 32 ಸೆಂ.ಮೀ., ತಿರುಗುವುದು ನಿಮಿಷಕ್ಕೆ 3000 ಸುತ್ತು, ಅಂದರೆ ಸೆಕೆಂಡಿಗೆ 50. ಅಲಗಿನ ತುದಿ ಒಂದು ಸುತ್ತಿಗೆ ಸುಮಾರು ಒಂದು ಮೀಟರ್ ಕ್ರಮಿಸುತ್ತದೆ. ತುದಿಯ ವೇಗ ಸೆಕೆಂಡಿಗೆ 50 ಮೀಟರ್, ಗಂಟೆಗೆ 180 ಕಿ.ಮೀ. ಗೋಲಿಯಷ್ಟು ದಪ್ಪದ 5 ಗ್ರಾಂ ತೂಕದ ಕಲ್ಲೊಂದು ಈ ವೇಗದಲ್ಲಿ ಸಿಡಿದರೆ ಅದರ ಚಲನಶಕ್ತಿ 6 ಜೌಲ್‌ಗೂ ತುಸು ಹೆಚ್ಚು. 4 ಮೀಟರ್ ಎತ್ತರದಿಂದ ಬೀಳುವ ಕ್ರಿಕೆಟ್ ಚೆಂಡಿನ ಶಕ್ತಿ ಅಷ್ಟೇ. ಆದರೆ ಚೆಂಡು ಅಂಗೈಯಗಲಕ್ಕೆ ಬಡಿಯುತ್ತದೆ, ಕಲ್ಲಿನ ಮೊನೆ ಕಣ್ಣಿನಷ್ಟು ಜಾಗಕ್ಕೆ. ಸುತ್ತ 15 ಮೀಟರ್ ದೂರದಲ್ಲಿ ಯಾರೂ ಇರಬಾರದು ಎಂದು ಕೈಪಿಡಿ ಹೇಳುತ್ತದೆ. ಆ ವೇಗದ ಕಲ್ಲು 15 ಮೀಟರ್ ದಾಟಲು ಒಂದು ಸೆಕೆಂಡಿನ ಮೂರನೇ ಒಂದು ಭಾಗವೂ ಬೇಕಿಲ್ಲ; ನೋಡಿ ಸರಿದುಕೊಳ್ಳುವ ಮಾತೇ ಇಲ್ಲ. ಶಾಲೆಯ ಅಂಗಳದಲ್ಲಿ ತರಗತಿಗಳು ನಡೆಯುತ್ತಿರುವಾಗ ಯಂತ್ರ ಓಡಿಸುವುದು ಏಕೆ ಸಲ್ಲದು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ವಾದ ಬೇಕಾಗಿಲ್ಲ. ಗಬ್ಬೂರಿನ ಕಡೆ ಇದಕ್ಕೊಂದು ಸ್ಥಳೀಯ ಸೇರ್ಪಡೆ ಇದೆ: ಎರೆಮಣ್ಣಿನ ಗಟ್ಟಿ ಹೆಂಟೆ. ಬೇಸಿಗೆಯಲ್ಲಿ ಅದು ಕಲ್ಲಿಗೆ ಕಡಿಮೆಯೇನಲ್ಲ. ನೆಲ ಬಿರಿದಾಗ ಯಂತ್ರದ ಗಾಲಿ ಬಿರುಕಿಗೆ ಇಳಿದರೆ ಅಲಗು ನೇರವಾಗಿ ನೆಲಕ್ಕೇ ಬಡಿಯುತ್ತದೆ. ಹುಲ್ಲು ಕತ್ತರಿಸುವ ಮುನ್ನ ಒಮ್ಮೆ ನಡೆದು ನೋಡಿ ಹೆಂಟೆ, ಕಲ್ಲು, ತಂತಿಯ ಚೂರುಗಳನ್ನು ಆರಿಸುವುದು ಸ್ವಚ್ಛತೆಯ ಕೆಲಸವಲ್ಲ, ಯಂತ್ರ ನಡೆಸುವ ಕೆಲಸದ ಮೊದಲ ಭಾಗ.

ಸ್ವಿಚ್ ಬಿಟ್ಟ ಮೇಲೆ ಏನಾಗುತ್ತದೆ? 400 ಗ್ರಾಂ ತೂಕದ ಆ ಅಲಗಿನಲ್ಲಿ ತಿರುಗುವಾಗ ಸುಮಾರು 170 ಜೌಲ್ ಶಕ್ತಿ ಇರುತ್ತದೆ. ಪಿಯುಸಿ ವಿದ್ಯಾರ್ಥಿಗಳು ಇದನ್ನು ತಾವೇ ಲೆಕ್ಕ ಹಾಕಿ ನೋಡಬಹುದು. ಮಧ್ಯದಲ್ಲಿ ತಿರುಗುವ ತೆಳು ಸರಳಿನ ಸೂತ್ರ ಸಾಕು. ಆ ಶಕ್ತಿ ಎಲ್ಲಿಯಾದರೂ ಹೋಗಲೇಬೇಕಲ್ಲ? ಅಮೆರಿಕದಲ್ಲಿ 1982ರಲ್ಲಿ ಜಾರಿಗೆ ಬಂದ ಸುರಕ್ಷತಾ ನಿಯಮದ ಪ್ರಕಾರ, ಹಿಂದೆ ನಡೆದುಕೊಂಡು ತಳ್ಳುವ ಯಂತ್ರಗಳಲ್ಲಿ ಹಿಡಿಕೆಯನ್ನು ಬಿಟ್ಟ 3 ಸೆಕೆಂಡುಗಳೊಳಗೆ ಅಲಗು ನಿಲ್ಲಬೇಕು. 3 ಸೆಕೆಂಡು ಎಂದರೆ ಬಹಳ ಕಡಿಮೆ ಎನ್ನಿಸುತ್ತದೆ. ಸಮ ಪ್ರಮಾಣದಲ್ಲಿ ವೇಗ ಇಳಿಯಿತೆಂದುಕೊಳ್ಳಿ: ಸರಾಸರಿ ಸೆಕೆಂಡಿಗೆ 25 ಸುತ್ತು, 3 ಸೆಕೆಂಡಿಗೆ 75 ಸುತ್ತು. ಅಲಗಿಗೆ ಎರಡು ಅಂಚು. ನಿಯಮಕ್ಕೆ ಸರಿಯಾಗಿರುವ ಯಂತ್ರದಲ್ಲಿಯೂ 'ನಿಲ್ಲಿಸಿದ' ಮೇಲೆ ಅಲಗಿನ ಅಂಚು 150 ಸಲ ಅದೇ ಜಾಗವನ್ನು ಹಾದುಹೋಗುತ್ತದೆ. ತಟ್ಟೆಯ ಕೆಳಗೆ ಸಿಕ್ಕಿಕೊಂಡ ಹಸಿ ಹುಲ್ಲನ್ನು ಬಿಡಿಸಲು ಕೈ ಹಾಕುವ ಆತುರಕ್ಕೆ ಈ ಸಂಖ್ಯೆ ಉತ್ತರ. ಹಿಡಿಕೆಯ ಲಿವರನ್ನು ಕೈ ನೋಯುತ್ತದೆಂದು ಸುತಳಿಯಿಂದ ಕಟ್ಟಿಡುವ ಜಾಣತನವನ್ನೂ ಕಾಣುತ್ತೇವೆ. ಯಂತ್ರ ಕೈತಪ್ಪಿದಾಗ ತಾನಾಗಿ ನಿಲ್ಲಲಿ ಎಂದು ಮಾಡಿರುವ ಏಕೈಕ ಏರ್ಪಾಡು ಆ ಲಿವರ್. ಅದನ್ನು ಕಟ್ಟಿದವನಿಗೆ ಬೇರೆ ಬ್ರೇಕ್ ಇಲ್ಲ.

ಫ್ಯೂಸು ಯಾರನ್ನು ಕಾಯುತ್ತದೆ?

ಅಲಗಿನ ವಿಷಯದಲ್ಲಿ ಕೈಪಿಡಿ ಕಾರಣ ಹೇಳದಿದ್ದರೂ ಹೇಳಿದ್ದು ಸರಿಯಾಗಿಯೇ ಇದೆ. ವಿದ್ಯುತ್ತಿನ ವಿಷಯಕ್ಕೆ ಬಂದಾಗ ಆ ಮಾತನ್ನೂ ಹೇಳಲಾಗದು. ನಾಲ್ಕರಲ್ಲಿ ಎರಡು ಕೈಪಿಡಿಗಳು ಯಂತ್ರವನ್ನು 'ಅರ್ಥಿಂಗ್ ಇರುವ ಸಾಕೆಟ್‌ಗೆ ಮಾತ್ರ' ಜೋಡಿಸಿ ಎಂದು ಹೇಳಿ ವಿದ್ಯುತ್ ಸುರಕ್ಷತೆಯ ಮಾತನ್ನು ಹೆಚ್ಚುಕಡಿಮೆ ಅಲ್ಲಿಗೇ ಮುಗಿಸುತ್ತವೆ. ಆದರೆ ಅದೇ ಯಂತ್ರಗಳ ಮೈಮೇಲೆ ಒಂದರೊಳಗೊಂದು ಇರುವ ಎರಡು ಚೌಕಗಳ ಗುರುತಿದೆ. ಇಮ್ಮಡಿ ನಿರೋಧಕ ಹೊದಿಕೆಯ ಸಾಧನ ಎಂದು ಅದರ ಅರ್ಥ. ಅಂಥ ಸಾಧನದ ವೈರಿನಲ್ಲಿ ಎರಡೇ ತಂತಿ, ಪ್ಲಗ್ಗಿನಲ್ಲಿ ಕೆಲಸ ಮಾಡುವ ಪಿನ್ನುಗಳೂ ಎರಡೇ. ಭೂಸಂಪರ್ಕದ ತಂತಿಯೇ ಇಲ್ಲದ ಯಂತ್ರಕ್ಕೆ ಸಾಕೆಟ್‌ನ ಅರ್ಥಿಂಗ್‌ನಿಂದ ಏನು ಉಪಯೋಗ? ಬೇರೊಂದು ಸಾಧನದ ಕೈಪಿಡಿಯಿಂದ ಈ ಸಾಲು ಹಾರಿ ಬಂದು ಕುಳಿತಿದೆ ಎಂದೇ ನನ್ನ ಊಹೆ.

ಇಂಥ ಯಂತ್ರದಲ್ಲಿ ನಿಜವಾದ ಅಪಾಯ ಇರುವುದು ಅದರ ಮೈಯಲ್ಲಿ ಅಲ್ಲ, ಅದರ ಬಾಲದಲ್ಲಿ. ತನ್ನದೇ ವೈರನ್ನು ತಾನೇ ಕತ್ತರಿಸಬಲ್ಲ ಗೃಹೋಪಯೋಗಿ ಸಾಧನಗಳು ಹೆಚ್ಚೇನಿಲ್ಲ. ಕತ್ತರಿಸಿದ ವೈರು ಇಬ್ಬನಿಯ ಹುಲ್ಲಿನ ಮೇಲೆ ಬಿದ್ದಿದೆ, ಯಂತ್ರ ನಡೆಸುತ್ತಿದ್ದವರು ಬರಿಗಾಲಲ್ಲಿ ಇಲ್ಲವೇ ನೆನೆದ ಹವಾಯಿ ಚಪ್ಪಲಿಯಲ್ಲಿ ನಿಂತು ಅದನ್ನು ಎತ್ತಿಕೊಳ್ಳುತ್ತಾರೆ. ಒದ್ದೆ ಚರ್ಮದ ಕೈಯಿಂದ ಕಾಲಿಗೆ ದೇಹದ ರೋಧ 1500 ಓಮ್ ಎಂದಿಟ್ಟುಕೊಳ್ಳೋಣ. 230 ವೋಲ್ಟಿಗೆ ಹರಿಯುವ ಪ್ರವಾಹ ಸುಮಾರು 0.15 ಆಂಪಿಯರ್, ಅಂದರೆ 150 ಮಿಲಿಆಂಪಿಯರ್. ಅಮೆರಿಕದ ಬರ್ಕ್ಲಿಯ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜಿಯಲ್ ಸ್ವಯಂಸೇವಕರ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಹಿಡಿದ ತಂತಿಯನ್ನು ಬಿಡಲಾಗದ ಸ್ಥಿತಿ ಗಂಡಸರಲ್ಲಿ ಸರಾಸರಿ 16 ಮಿಲಿಆಂಪಿಯರಿಗೆ, ಹೆಂಗಸರಲ್ಲಿ ಸುಮಾರು 10.5 ಮಿಲಿಆಂಪಿಯರಿಗೆ ಬಂದಿತ್ತು. 50 ಮಿಲಿಆಂಪಿಯರ್ ಮೀರಿದ ಪ್ರವಾಹ ಒಂದು ಸೆಕೆಂಡಿಗಿಂತ ಹೆಚ್ಚು ಕಾಲ ಎದೆಯ ಮೂಲಕ ಹರಿದರೆ ಹೃದಯದ ಬಡಿತ ಲಯ ತಪ್ಪಿ ಸಾವು ಸಂಭವಿಸಬಹುದು. ಇಲ್ಲಿ ಹರಿಯುತ್ತಿರುವುದು ಅದರ ಮೂರು ಪಟ್ಟು.

ಈಗ ಫ್ಯೂಸಿನ ಕಡೆ ನೋಡಿ. 1400 ವಾಟ್‌ನ ಯಂತ್ರ ತನ್ನ ಕೆಲಸಕ್ಕೆ 6 ಆಂಪಿಯರ್ ಎಳೆಯುತ್ತದೆ. ಅದಕ್ಕಾಗಿ ಜೋಡಿಸಿದ ಸಾಕೆಟ್‌ನ ಫ್ಯೂಸು ಅಥವಾ ಎಂಸಿಬಿ 16 ಆಂಪಿಯರಿನದು. ಮನುಷ್ಯನ ಮೂಲಕ ಹರಿಯುವ 0.15 ಆಂಪಿಯರ್ ಆ ಫ್ಯೂಸಿನ ಲೆಕ್ಕಕ್ಕೇ ಬರುವುದಿಲ್ಲ. ಯಂತ್ರದ ಪ್ರವಾಹದ ನಲವತ್ತನೇ ಒಂದು ಭಾಗದಿಂದ ಮನುಷ್ಯ ಸಾಯಬಹುದು. ಅಷ್ಟು ಹೊತ್ತೂ ಫ್ಯೂಸು ತಣ್ಣಗೆ ಕುಳಿತಿರುತ್ತದೆ. ಫ್ಯೂಸು ಕಾಯುವುದು ತಂತಿಯನ್ನು, ತಂತಿ ಕಾದು ಹತ್ತಿಕೊಳ್ಳಬಹುದಾದ ಕಟ್ಟಡವನ್ನು. ಅದು ಮನುಷ್ಯನ ಕಾವಲುಗಾರನಲ್ಲ.

ಇಲ್ಲಿ ಕೈಪಿಡಿಯನ್ನಷ್ಟೇ ದೂರುವುದು ನ್ಯಾಯವಲ್ಲ. ನಮ್ಮ ಹತ್ತನೆಯ ತರಗತಿಯವರು ಹಲವು ವರ್ಷಗಳಿಂದ ಕನ್ನಡದಲ್ಲಿ ಓದುತ್ತ ಬಂದಿರುವ ಎನ್‌ಸಿಇಆರ್‌ಟಿ ವಿಜ್ಞಾನ ಪುಸ್ತಕದ ವಿದ್ಯುತ್ಪ್ರವಾಹದ ಕಾಂತೀಯ ಪರಿಣಾಮಗಳ ಅಧ್ಯಾಯವನ್ನು ತೆರೆಯಿರಿ. ಮನೆಯ ವಿದ್ಯುತ್ ಮಂಡಲದ ಭಾಗದಲ್ಲಿ ಫ್ಯೂಸು ಇದೆ, ಭೂಸಂಪರ್ಕದ ತಂತಿ ಇದೆ. ಅಧ್ಯಾಯದ ಕೊನೆಯಲ್ಲಿ ಎರಡು ಸುರಕ್ಷತಾ ಕ್ರಮಗಳನ್ನು ಹೆಸರಿಸಿ ಎಂಬ ಧಾಟಿಯ ಪ್ರಶ್ನೆಯೂ ಇದೆ. ಉತ್ತರ ಎಲ್ಲರಿಗೂ ಬಾಯಿಪಾಠ. ಪುಸ್ತಕ ತಪ್ಪು ಹೇಳಿಲ್ಲ. ಫ್ಯೂಸು ಮಂಡಲವನ್ನೂ ಸಾಧನಗಳನ್ನೂ ರಕ್ಷಿಸುತ್ತದೆ ಎಂದೇ ಎಚ್ಚರಿಕೆಯಿಂದ ಬರೆದಿದೆ. ಆದರೆ 'ಸುರಕ್ಷತೆ' ಎಂಬ ಪದ ಕೇಳಿದ ಹದಿನೈದರ ಹುಡುಗ ಯಾರ ಸುರಕ್ಷತೆ ಎಂದು ಕೇಳುವುದಿಲ್ಲ, ತನ್ನದೇ ಎಂದುಕೊಳ್ಳುತ್ತಾನೆ. ಮನುಷ್ಯನನ್ನು ಕಾಯಲೆಂದೇ ಇರುವ ಸಾಧನದ ಪ್ರಸ್ತಾಪ ಆ ಭಾಗದಲ್ಲಿಲ್ಲ. ಇದು ನನಗೆ ಕೈಪಿಡಿಯ ಎಲ್ಲ ದೋಷಗಳಿಗಿಂತ ದೊಡ್ಡ ಲೋಪವಾಗಿ ಕಾಣುತ್ತದೆ. ಕೈಪಿಡಿಯನ್ನು ಓದುವವರು ನೂರಕ್ಕೆ ಒಬ್ಬರೋ ಇಬ್ಬರೋ. ಪಠ್ಯಪುಸ್ತಕವನ್ನು ಎಲ್ಲರೂ ಓದುತ್ತಾರೆ.

ಎರೆಮಣ್ಣಿನಲ್ಲಿ ಅರ್ಥಿಂಗ್

ಲೋಹದ ಮೈಯ ಹಳೆಯ ಯಂತ್ರಗಳಿಗೆ ಭೂಸಂಪರ್ಕ ಬೇಕೇ ಬೇಕು. ಒಳಗೆ ಸಜೀವ ತಂತಿ ಲೋಹಕ್ಕೆ ತಗುಲಿದರೆ ಭಾರಿ ಪ್ರವಾಹ ಭೂಮಿಗೆ ಹರಿದು ಫ್ಯೂಸು ಸುಟ್ಟು ಸಂಪರ್ಕ ತಪ್ಪುತ್ತದೆ ಎಂದು ನಾವು ಕಲಿಸುತ್ತೇವೆ. ಈ ವಿವರಣೆಯೊಳಗೆ ಅಡಗಿರುವ ಒಂದು ಊಹೆಯನ್ನು ಗಬ್ಬೂರಿನಲ್ಲಿ ನಿಂತು ಪರೀಕ್ಷಿಸಬೇಕು. ಭಾರಿ ಪ್ರವಾಹ ಹರಿಯಲು ಭೂಸಂಪರ್ಕದ ರೋಧ ತೀರ ಕಡಿಮೆ ಇರಬೇಕು. ಶಾಲೆಯ ಗೋಡೆಯ ಪಕ್ಕದಲ್ಲಿ ಹೂತ ಕೊಳವೆಯ ಮೂಲಕ ಮಣ್ಣಿನ ದಾರಿಯ ಒಟ್ಟು ರೋಧ 20 ಓಮ್ ಇದೆಯೆನ್ನಿ. 230ನ್ನು 20ರಿಂದ ಭಾಗಿಸಿದರೆ 11.5 ಆಂಪಿಯರ್. 16 ಆಂಪಿಯರಿನ ಫ್ಯೂಸು ಇದಕ್ಕೆ ಕರಗುವುದಿಲ್ಲ. ಹಳೆಯ ಕಟ್ಟಡಗಳಲ್ಲಿ ಫ್ಯೂಸಿನ ಜಾಗದಲ್ಲಿ ದಪ್ಪ ತಾಮ್ರದ ಎಳೆ ಸುತ್ತಿರುವುದನ್ನು ಲೆಕ್ಕಕ್ಕೆ ತೆಗೆದುಕೊಂಡರಂತೂ ಮುಗಿದೇ ಹೋಯಿತು. ಫ್ಯೂಸು ಉಳಿಯಿತು, ಯಂತ್ರದ ಮೈ ಹೆಚ್ಚುಕಡಿಮೆ ಪೂರ್ಣ ವಿಭವದಲ್ಲಿಯೇ ಉಳಿಯಿತು.

ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ. ಆಗ ಅದರ ವಾಹಕತೆ ಚೆನ್ನಾಗಿಯೇ ಇರುತ್ತದೆ. ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ, ಹೂತ ಕೊಳವೆಯಿಂದ ದೂರ ಸರಿದು ನಡುವೆ ಗಾಳಿಯ ಸಂದು ಬಿಡುತ್ತದೆ. ಒಂದೇ ಭೂಸಂಪರ್ಕದ ರೋಧ ಆಗಸ್ಟ್‌ನಲ್ಲಿ ಒಂದು, ಏಪ್ರಿಲ್‌ನಲ್ಲಿ ಇನ್ನೊಂದು. ಅಷ್ಟೇ ಅಲ್ಲ, 11.5 ಆಂಪಿಯರ್ ಹರಿಯುತ್ತಲೇ ಇದ್ದರೆ ಎರಡೂವರೆ ಕಿಲೋವಾಟ್‌ಗೂ ಮಿಕ್ಕಿದ ಶಾಖ ಆ ದಾರಿಯಲ್ಲಿ ಹುಟ್ಟುತ್ತದೆ. ಬಹುಪಾಲು ಕೊಳವೆಯ ಸುತ್ತಲಿನ ಮಣ್ಣಿನಲ್ಲಿಯೇ. ಅದು ಮಣ್ಣನ್ನು ಇನ್ನಷ್ಟು ಒಣಗಿಸಿ ರೋಧವನ್ನು ಇನ್ನಷ್ಟು ಏರಿಸುತ್ತದೆ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ಕೊಡಗಟ್ಟಲೆ ನೀರು ಹಾಕುವ ಹಳೆಯ ಲೈನ್‌ಮನ್‌ಗಳ ಪದ್ಧತಿ ಮೂಢನಂಬಿಕೆಯಲ್ಲ, ಶುದ್ಧ ಭೌತವಿಜ್ಞಾನ.

ಮನುಷ್ಯನನ್ನು ಕಾಯಲೆಂದೇ ಇರುವ ಸಾಧನ ಆರ್‌ಸಿಸಿಬಿ. ಅಂಗಡಿಗಳಲ್ಲಿ ಈಗಲೂ ಇಎಲ್‌ಸಿಬಿ ಎಂದು ಕೇಳಿದರೆ ಕೊಡುವುದು ಇದನ್ನೇ. ಇದರ ತತ್ತ್ವ ಎಷ್ಟು ಸರಳವೆಂದರೆ ಪಠ್ಯದಲ್ಲಿ ಅರ್ಧ ಪುಟ ಸಾಕು. ಸಜೀವ ತಂತಿಯೂ ತಟಸ್ಥ ತಂತಿಯೂ ಒಂದೇ ಕಬ್ಬಿಣದ ಬಳೆಯೊಳಗೆ ಹಾದುಹೋಗುತ್ತವೆ. ಹೋದ ಪ್ರವಾಹವೆಲ್ಲ ಹಿಂದಿರುಗಿದರೆ ಎರಡರ ಕಾಂತಕ್ಷೇತ್ರಗಳೂ ಒಂದನ್ನೊಂದು ಅಳಿಸುತ್ತವೆ. ಒಂದು ಪಾಲು ಮನುಷ್ಯನ ಮೂಲಕ ನೆಲಕ್ಕೆ ಸೋರಿದರೆ ಲೆಕ್ಕ ತಾಳೆಯಾಗುವುದಿಲ್ಲ; ಬಳೆಗೆ ಸುತ್ತಿದ ಇನ್ನೊಂದು ಸುರುಳಿಯಲ್ಲಿ ವಿದ್ಯುತ್ ಪ್ರೇರಣೆಯಾಗಿ ಸ್ವಿಚ್ ಬೀಳುತ್ತದೆ. ಯಂತ್ರ ಎಷ್ಟು ಆಂಪಿಯರ್ ಎಳೆಯುತ್ತದೆ ಎಂಬುದು ಅದಕ್ಕೆ ಬೇಕಿಲ್ಲ, ವ್ಯತ್ಯಾಸವಷ್ಟೇ ಬೇಕು. ಅದಕ್ಕೇ 30 ಮಿಲಿಆಂಪಿಯರಿನ ಸೋರಿಕೆಗೂ ಅದು ಬೀಳಬಲ್ಲದು. 150 ಮಿಲಿಆಂಪಿಯರಿಗೆ 40 ಮಿಲಿಸೆಕೆಂಡುಗಳೊಳಗೆ, ಅಂದರೆ ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಎರಡು ಆವರ್ತಗಳೊಳಗೆ ಅದು ಬೀಳಬೇಕೆಂದು ಅಂತರರಾಷ್ಟ್ರೀಯ ಮಾನಕ ವಿಧಿಸುತ್ತದೆ.

ಇದರ ಬಗ್ಗೆಯೂ ತಪ್ಪು ತಿಳಿವಳಿಕೆ ಬೇಡ. ಆರ್‌ಸಿಸಿಬಿ ಇದ್ದರೆ ದೇಹದಲ್ಲಿ 30 ಮಿಲಿಆಂಪಿಯರ್ ಮಾತ್ರ ಹರಿಯುತ್ತದೆ ಎಂದು ಹಲವರು ಭಾವಿಸಿದ್ದಾರೆ. ಹಾಗಲ್ಲ. ಹರಿಯುವುದು 150 ಮಿಲಿಆಂಪಿಯರೇ, ಏಕೆಂದರೆ ಅದನ್ನು ನಿರ್ಧರಿಸುವುದು ದೇಹದ ರೋಧ. ಸಾಧನ ಮೊಟಕುಗೊಳಿಸುವುದು ಪ್ರವಾಹವನ್ನಲ್ಲ, ಕಾಲವನ್ನು. ಹೊಡೆತ ಬಿದ್ದೇ ಬೀಳುತ್ತದೆ, ಜೀವ ಉಳಿಯುವ ಸಂಭವ ಹೆಚ್ಚು. ಒಂದು ಕೈಯಲ್ಲಿ ಸಜೀವ ತಂತಿ, ಇನ್ನೊಂದರಲ್ಲಿ ತಟಸ್ಥ ತಂತಿ ಹಿಡಿದು ಒಣಗಿದ ರಬ್ಬರ್ ಚಪ್ಪಲಿಯಲ್ಲಿ ನಿಂತವನನ್ನು ಅದು ಗುರುತಿಸಲಾರದು. ಅದರ ದೃಷ್ಟಿಯಲ್ಲಿ ಆತನೂ ಒಂದು ದೀಪದ ಬುರುಡೆಯಂತೆಯೇ. ಕತ್ತರಿಸಿದ ವೈರು ಹುಲ್ಲಿನ ಮೇಲೆ ಬಿದ್ದಾಗ ಸೋರಿಕೆ ಇನ್ನೂ ಆರಂಭವಾಗಿರದಿದ್ದರೆ ಸ್ವಿಚ್ ಬಿದ್ದಿರುವುದಿಲ್ಲ, ಬೀಳುವುದು ನೀವು ಮುಟ್ಟಿದ ಮೇಲೆಯೇ. ಆದ್ದರಿಂದ ವೈರು ತುಂಡಾದರೆ ಮೊದಲು ನಡೆಯಬೇಕಾದದ್ದು ಸಾಕೆಟ್‌ನ ಕಡೆಗೆ, ವೈರಿನ ಕಡೆಗಲ್ಲ. ಇನ್ನು, ತಟಸ್ಥ ತಂತಿಯ ಬದಲು ಅರ್ಥಿಂಗನ್ನೇ ಬಳಸಿ ದೀಪ ಹೊತ್ತಿಸಿರುವ ಕಟ್ಟಡಗಳಲ್ಲಿ ಈ ಸಾಧನ ಹಾಕಿದ ದಿನದಿಂದಲೇ ಬೀಳತೊಡಗುತ್ತದೆ. 'ಪದೇ ಪದೇ ಬೀಳ್ತದ್ರಿ, ತೆಗೆಸಿಬಿಡ್ರಿ' ಎಂಬ ಸಲಹೆ ಆಗ ಸಿಗುತ್ತದೆ. ಬೀಳುತ್ತಿರುವುದು ಕೆಟ್ಟದ್ದಕ್ಕಲ್ಲ, ಸರಿಯಾಗಿರುವುದಕ್ಕೆ.

ವೈರಿನ ಉದ್ದ, ವೋಲ್ಟೇಜಿನ ಕೊರತೆ

ಉದ್ದನೆಯ ಎಕ್ಸ್‌ಟೆನ್ಷನ್ ವೈರಿನ ಬಗ್ಗೆ ಕೈಪಿಡಿಗಳು 'ಸೂಕ್ತ ದಪ್ಪದ್ದನ್ನು ಬಳಸಿ' ಎನ್ನುತ್ತವೆ. ಸೂಕ್ತ ಎಂದರೆ ಎಷ್ಟು? 50 ಮೀಟರ್ ವೈರು ಎಂದರೆ ಹೋಗಿಬರುವ ತಾಮ್ರ 100 ಮೀಟರ್. ಅಡ್ಡಕೊಯ್ತ 0.75 ಚದರ ಮಿ.ಮೀ. ಇದ್ದರೆ ರೋಧ 2.3 ಓಮ್. 6 ಆಂಪಿಯರಿಗೆ ವೈರಿನಲ್ಲೇ 14 ವೋಲ್ಟ್ ಕಳೆದುಹೋಗುತ್ತದೆ. 230 ವೋಲ್ಟ್ ಇರುವ ಕಡೆ ಇದು ದೊಡ್ಡ ನಷ್ಟವಲ್ಲ. ಪಂಪ್‌ಸೆಟ್‌ಗಳೆಲ್ಲ ಓಡುತ್ತಿರುವ ಹೊತ್ತಿನಲ್ಲಿ ಹಳ್ಳಿಯ ಲೈನಿನ ತುದಿಯಲ್ಲಿ 190 ವೋಲ್ಟ್ ಇದ್ದರೆ ಯಂತ್ರಕ್ಕೆ ದಕ್ಕುವುದು 176. ಪ್ರೇರಣ ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿದೆ. 230ರಲ್ಲಿ ಇದ್ದುದರ 60 ಭಾಗಕ್ಕಿಂತ ಕಡಿಮೆ ಉಳಿಯುತ್ತದೆ. ದಟ್ಟ ಹುಲ್ಲು ಸಿಕ್ಕಾಗ ವೇಗ ಕುಸಿಯುತ್ತದೆ, ಪ್ರವಾಹ ಏರುತ್ತದೆ, ಸುರುಳಿ ಕಾಯುತ್ತದೆ. ಅಂಥ ಹೊತ್ತಿನಲ್ಲಿ ಯಂತ್ರವನ್ನು ಬೈಯುತ್ತ ತಳ್ಳುವ ಬದಲು ಕೆಲಸವನ್ನೇ ಮುಂದೂಡುವುದು ಲೇಸು. 50 ಮೀಟರಿಗೆ 1.5 ಚದರ ಮಿ.ಮೀ. ತಾಮ್ರದ ವೈರು ತೆಗೆದುಕೊಂಡರೆ ನಷ್ಟ ಅರ್ಧವಾಗುತ್ತದೆ.

ಇನ್ನೊಂದು ಲೆಕ್ಕ: ಆ ತೆಳು ವೈರಿನಲ್ಲಿ ಹುಟ್ಟುವ ಶಾಖ ಸುಮಾರು 85 ವಾಟ್. 50 ಮೀಟರಿಗೆ ಹರಡಿದಾಗ ಕೈಗೆ ಬೆಚ್ಚಗೂ ಆಗದು. ಅದೇ ವೈರನ್ನು ಸುರುಳಿಯಲ್ಲಿಯೇ ಬಿಟ್ಟು ತುದಿಯನ್ನಷ್ಟೇ ಎಳೆದುಕೊಂಡರೆ ಸುರುಳಿಯ ನಡುವೆ ಹಳೆಯ ಕಾಲದ ಒಂದು ಬಲ್ಬನ್ನು ಹೊತ್ತಿಸಿ ಮುಚ್ಚಿಟ್ಟಂತೆ. ರಾಯಚೂರಿನ ಬೇಸಿಗೆಯ 40 ಡಿಗ್ರಿ ದಾಟಿದ ಬಿಸಿಲು ಅದಕ್ಕೆ ಸೇರಿದರೆ ಪ್ಲಾಸ್ಟಿಕ್ ಮೆತ್ತಗಾಗುವುದು ಖಚಿತ. ವೈರನ್ನು ಪೂರ್ತಿ ಬಿಚ್ಚಿ ಹರಡಬೇಕು. ಕತ್ತರಿಸುವುದನ್ನು ಸಾಕೆಟ್‌ನ ಹತ್ತಿರದಿಂದ ಆರಂಭಿಸಿ ದೂರ ಹೋಗುತ್ತ ಸಾಲು ಹಿಡಿಯಬೇಕು; ಆಗ ವೈರು ಯಾವಾಗಲೂ ಕತ್ತರಿಸಿ ಮುಗಿದ ಕಡೆಯೇ ಇರುತ್ತದೆ. ಒಂದು ಕೈಪಿಡಿ ಇದನ್ನು ಸೊಗಸಾದ ಚಿತ್ರದ ಮೂಲಕ ತೋರಿಸಿದೆ. ನಾಲ್ಕರಲ್ಲಿ ನನಗೆ ಪೂರ್ತಿ ಮೆಚ್ಚುಗೆಯಾದ ಪುಟ ಅದೊಂದೇ. ತುಂಡಾದ ವೈರನ್ನು ಹೆಣೆದು ಟೇಪು ಸುತ್ತಿ ಹೊಲದಂಗಳಕ್ಕೆ ತರುವ ರೂಢಿಯ ಬಗ್ಗೆ ಮಾತ್ರ ಯಾವ ಕೈಪಿಡಿಯೂ ಬಾಯಿ ಬಿಟ್ಟಿಲ್ಲ. ಅವನ್ನು ಬರೆದವರ ನಾಡಿನಲ್ಲಿ ಆ ರೂಢಿ ಇಲ್ಲವೇನೋ.

ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಒಮ್ಮೆಗೆ ತೆಗೆಯಬಾರದು ಎಂಬ ಮಾತು ಎಲ್ಲ ಕೈಪಿಡಿಗಳಲ್ಲಿದೆ, ಸರಿಯಾಗಿಯೂ ಇದೆ. ಆದರೆ ಅದು ವಾರಕ್ಕೊಮ್ಮೆ ಕತ್ತರಿಸುವ ಹುಲ್ಲುಹಾಸಿನ ಮಾತು. ರಜೆ ಮುಗಿಸಿ ಬಂದಾಗ ಮೊಣಕಾಲೆತ್ತರ ನಿಂತಿರುವ ನಮ್ಮ ಅಂಗಳಗಳಿಗೆ ಮೊದಲು ಕುಡಗೋಲೇ ಬೇಕು, ಯಂತ್ರ ಆಮೇಲೆ. ನೂರು ಚದರ ಮೀಟರಿನೊಳಗಿನ ಮಟ್ಟಸವಾದ ಹಾಸಿಗೆ ವಿದ್ಯುತ್ ಯಂತ್ರ ಬೇಕೇ ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳಬಹುದು. ಬಡ್ಡಿಂಗ್ ಮಾದರಿಯ, ಕೈಯಿಂದ ತಳ್ಳುವ ಉರುಳೆ ಯಂತ್ರ ಅಷ್ಟಕ್ಕೆ ಸಾಕು. ಬೇಸಿಗೆಯಲ್ಲಿ ದಿನಕ್ಕೆ 5 ಮಿ.ಮೀ. ನೀರು ಕೊಟ್ಟರೂ ಆ ಹಾಸು 500 ಲೀಟರ್ ಕುಡಿಯುತ್ತದೆ ಎಂಬುದು ಬೇರೆಯೇ ಚರ್ಚೆ. ಈಚಿನ ಬ್ಯಾಟರಿ ಯಂತ್ರಗಳು 36-40 ವೋಲ್ಟಿನವು. ವೈರಿಲ್ಲದ್ದರಿಂದ ಮೇಲೆ ಹೇಳಿದ ವಿದ್ಯುತ್ ಅಪಾಯಗಳು ಬಹುಮಟ್ಟಿಗೆ ಇಲ್ಲ. ಅಲಗಿನ 170 ಜೌಲ್ ಮಾತ್ರ ಹಾಗೆಯೇ ಇದೆ. ಪ್ಲಗ್ ಕೀಳುವ ಅಭ್ಯಾಸ ಇಲ್ಲದ್ದರಿಂದ ಬ್ಯಾಟರಿಯನ್ನು ತೆಗೆಯದೆ ಅಲಗಿಗೆ ಕೈ ಹಾಕುವ ಸಂಭವ ಇಲ್ಲಿ ಹೆಚ್ಚು.

ವಿಮರ್ಶಕ ಬರೀ ದೋಷ ಹುಡುಕಬಾರದು ಎನ್ನುವವರಿಗಾಗಿ, ನನ್ನ ಕೈಗೆ ಕೊಟ್ಟರೆ ಕೈಪಿಡಿಯ ಮೊದಲ ಪುಟದಲ್ಲಿ ಏನಿರುತ್ತಿತ್ತು ಎಂಬುದನ್ನು ಹೇಳಿಬಿಡುತ್ತೇನೆ. ನಿಮ್ಮ ಶಾಲೆಯಲ್ಲಿ ಯಂತ್ರವಿದ್ದರೆ ಇದನ್ನು ದಪ್ಪ ಅಕ್ಷರದಲ್ಲಿ ಬರೆಸಿ ಸಾಕೆಟ್‌ನ ಪಕ್ಕದ ಗೋಡೆಗೆ ಅಂಟಿಸಬಹುದು:

ಈ ಅಲಗಿನ ತುದಿ ಸೆಕೆಂಡಿಗೆ 50 ಮೀಟರ್ ಓಡುತ್ತದೆ. ಅದು ಮುಟ್ಟಿದ ಕಲ್ಲೂ ಅಷ್ಟೇ ವೇಗದಲ್ಲಿ ಹಾರಬಹುದು. ಮೊದಲು ಕಲ್ಲು, ಹೆಂಟೆ ಆರಿಸಿ. ಮಕ್ಕಳು ಅಂಗಳದಲ್ಲಿರುವಾಗ ಯಂತ್ರ ಮುಟ್ಟಬೇಡಿ. ಹಿಡಿಕೆ ಬಿಟ್ಟ ಮೇಲೂ ಅಲಗು ತಿರುಗುತ್ತಿರುತ್ತದೆ. ಪ್ಲಗ್ ಕಿತ್ತು, ಹತ್ತರವರೆಗೆ ಎಣಿಸಿ, ಕಣ್ಣಿನಿಂದ ನೋಡಿ, ಆಮೇಲೆ ಕೈ ಹಾಕಿ. ಫ್ಯೂಸು ನಿಮ್ಮನ್ನು ಕಾಯುವುದಿಲ್ಲ. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದ ಸಾಕೆಟ್‌ಗೆ ಈ ಯಂತ್ರ ಜೋಡಿಸಬೇಡಿ. ವೈರು ತುಂಡಾದರೆ ಮುಟ್ಟದೆ ಸಾಕೆಟ್‌ಗೆ ಹೋಗಿ ಸ್ವಿಚ್ ಆರಿಸಿ. ಹುಲ್ಲು ಒದ್ದೆಯಿದ್ದರೆ ನಾಳೆ ಕತ್ತರಿಸಿ. ಆರ್‌ಸಿಸಿಬಿಯ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ಅದು ಬೀಳುವುದನ್ನು ಖಚಿತಪಡಿಸಿಕೊಂಡು, ಒತ್ತಿದ ದಿನಾಂಕವನ್ನು ಈ ಹಾಳೆಯ ಕೆಳಗೆ ಬರೆಯಿರಿ.